ಎಣ್ಣೆಯ ಮೇಲೆ ಅರಿಶಿನ ನೀರು

ಎಣ್ಣೆಯಲ್ಲಿ ಅದ್ದಿದ ಮುನಿಲಕ್ಷ್ಮಿಯ ಬೆರಳುಗಳು ಅಕ್ಕನ ನೆತ್ತಿಯ ತನಕ ಹೋಗಿ ಅಲ್ಲೇ ನಿಂತುಬಿಟ್ಟವು.

"ಇಕ್ಕು ಚಿಕ್ಕಮ್ಮ," ಎಂದ ಸತ್ತವಳ ಮಗ ಮಾದೇಶ್. "ಒಡವುಟ್ಟಿದೋಳು ನೀನು. ನೀನು ಎಣ್ಣೆ ಇಕ್ಕಿದ್ ಮ್ಯಾಲೇ ಅಮ್ಮುಂಗೆ ನೀರು ಉಯ್ಯೋದು."

ಅಂಗಳದ ಬೆಂಚಿನ ಮೇಲೆ ಅಕ್ಕ ವೆಂಕಟಲಕ್ಷ್ಮಮ್ಮನನ್ನು ಕೂರಿಸಿದ್ದರು. ಪೆನ್ನಾಗರಂ ಬಳಿಯ ಆ ಊರಿನ ಅರ್ಧ ಜನ ಅವಳ ಬಾಲವಾಡಿಯಲ್ಲೇ ಉಚ್ಚೆ ಹೊಯ್ದು ಬೆಳೆದವರು. ಇವತ್ತು ಅವರೇ ಸೌದೆ, ಚಟ್ಟ ಎಂದು ಓಡಾಡುತ್ತಿದ್ದರು. ಬಾಲವಾಡಿಯಲ್ಲಿ ಅಕ್ಕ ಟೀಚರು, ತಂಗಿ ಅಡಿಗೆಯವಳು. ಇಬ್ಬರದೂ ಎಣ್ಣೆ ಸೀಗೆಕಾಯಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಹೋದ ಪೊಂಗಲ್‌ನಿಂದ ಮಾತೂ ನಿಂತಿತ್ತು.

ಬೇವಿನ ಎಲೆಗಳಿಂದ ಸೋರಿದ ಬಿಸಿಲು ಅಕ್ಕನ ಮುಖದ ಮೇಲೆ ಆಡುತ್ತಿತ್ತು. ಈಗಲೋ ಆಗಲೋ ಕಣ್ಣು ಬಿಟ್ಟು ಬೈಯುತ್ತಾಳೆ ಎನಿಸಿತು. ಬೈದಿದ್ದರೆ ಸಾಕಿತ್ತು.

*

ಅವತ್ತೂ ಇಂಥದೇ ಬಿಸಿಲು. ಬಾಲವಾಡಿಯ ಮಕ್ಕಳು ಕಾಗದಕ್ಕೆ ಎಣ್ಣೆ ಸವರಿ, ಅದರ ಮೇಲೆ ಬಣ್ಣದ ನೀರು ತೊಟ್ಟಿಕ್ಕಿಸುತ್ತಿದ್ದವು. ನೀಲಿ ಹನಿ ಉಂಡೆ ಕಟ್ಟಿ, ನಿದ್ದೆಗಣ್ಣಲ್ಲಿ ನಡೆದಂತೆ ಕಾಗದದ ತುಂಬ ಅಲೆಯುತ್ತಿತ್ತು.

"ಇದ್ಯಾವ ಬೊಂಬೆ ಬರೆಯೋದು?" ಎಂದಳು ಮುನಿಲಕ್ಷ್ಮಿ, ಒರೆಸುವ ಬಟ್ಟೆ ಹಿಡಿದು.

"ಬೊಂಬೆ ಅಲ್ಲ ಕಣೇ," ಎಂದಳು ಅಕ್ಕ. "ಒರೆಸ್ಬ್ಯಾಡ, ಒಸಿ ತಡಿ. ಎಲ್ಲಿಗೆ ಓಯ್ತೈತೋ ನೋಡನ."

"ಒಗ್ಗರಣೆ ಆಕೋ ಎಣ್ಣೆ ಅದು! ಒಲೆ ಮುಂದೆ ಬೇಯೋಳು ನಾನು. ಮಿಕ್ಕಿದ್ದ ನಿನ್ ತಲೆ ಮ್ಯಾಲೆ ಸುರ್ಕೊ!"

ಅದೇ ಕೊನೆಯ ಮಾತು.

*

"ಸೀಕ್ರಂ ಮಾ, ಒತ್ತಾಯ್ತು," ಎಂದು ಅವಸರಿಸಿದಳು ಪಕ್ಕದ ಮನೆಯಾಕೆ, ಅರಿಶಿನ ನೀರಿನ ಚೊಂಬು ಹಿಡಿದು.

"ತಲೆ ಮ್ಯಾಲೆ ಸುರ್ಕೊ ಅಂದಿದ್ದೆ ಕಣೋ ಮಾದೇಶ," ಮುನಿಲಕ್ಷ್ಮಿ ಬಿಕ್ಕಿದಳು. "ಈಗ ನನ್ ಕೈಲೇ ಎಂಗೆ ಇಕ್ಕಲಿ?"

"ಅಮ್ಮ ಅದ ಯೋಳ್ಕೊಂಡು ನಗೋಳು ಚಿಕ್ಕಮ್ಮ. 'ಮಾತು ಬಿಟ್ಟವ್ಳೆ, ಆದ್ರೂ ದಿನಾ ಮಕ್ಳ ಕಾಗ್ದುಕ್ಕೆ ಬಟ್ಲಲ್ಲಿ ಎಣ್ಣೆ ತಂದು ಮಡಗ್ತಾಳೆ' ಅಂತ."

ಹಾಗಾದರೆ ಕದ್ದು ಎಣ್ಣೆ ಇಡುತ್ತಿದ್ದವಳು ಯಾರೆಂದು ಅಕ್ಕನಿಗೆ ಗೊತ್ತಿತ್ತು. ಮುನಿಲಕ್ಷ್ಮಿ ನೆತ್ತಿಗೆ ಎಣ್ಣೆ ಇಟ್ಟಳು; ಹಣೆಗೂ ನಿಧಾನವಾಗಿ ಸವರಿದಳು.

ಮೇಲಿಂದ ಅರಿಶಿನ ನೀರು ಬಿತ್ತು. ಹಣೆಯ ಮೇಲೆ ಹಳದಿ ಹನಿಗಳು ಉಂಡೆ ಕಟ್ಟಿ ನಿಂತವು. ಒಂದು ಹನಿ ಮೆಲ್ಲಗೆ ಹುಬ್ಬಿನತ್ತ ಹೊರಟಿತು. ಪಕ್ಕದ ಮನೆಯಾಕೆ ಸೆರಗು ಹಿಡಿದು ಬಾಗಿದಳು.

ಮುನಿಲಕ್ಷ್ಮಿ ಅವಳ ಕೈ ತಡೆದಳು.

"ಒರೆಸ್ಬ್ಯಾಡ. ಒಸಿ ತಡಿ," ಎಂದಳು. "ಎಲ್ಲಿಗೆ ಓಯ್ತೈತೋ ನೋಡನ."