ಕೇಳದೆ ಬಡಿಸುವವಳು

ಮಗಳ ಬಾಣಂತನಕ್ಕೆಂದು ಗೋಕಾಕದಿಂದ ಬಂದ ಹೊನ್ನವ್ವ, ಹೆರಿಗೆಗೆ ಇನ್ನೂ ಮೂರು ವಾರವಿರುವಾಗಲೇ ಶುಕ್ರವಾರದ ವಿಮಾನಕ್ಕೆ ಹೊರಡುತ್ತೇನೆಂದರು. ಬಂದು ಹನ್ನೆರಡು ದಿನವಾಗಿತ್ತಷ್ಟೆ. ಅಳಿಯ ಶಿವಪುತ್ರನಿಗೆ ಕಾರಣ ಹೊಳೆಯಲಿಲ್ಲ. ಕತಾರಿನ ಅಲ್ ವಕ್ರಾದ ಮನೆಯಲ್ಲಿ ಏಸಿ ಇತ್ತು, ಜೋಳದ ಹಿಟ್ಟಿತ್ತು, ಕುತ್ತಿಗೆ ಚಾಚಿದರೆ ಕಿಟಕಿಯಲ್ಲಿ ಒಂದು ಚೂರು ಸಮುದ್ರವೂ ಇತ್ತು.

"ಯಾಕೋ ಊಟ ಒಗ್ಗವಲ್ದ್ರೀ" ಎಂಬುದಷ್ಟೇ ಅವರ ಉತ್ತರ.

ಹಾಗಿರುವಾಗ ಅವರನ್ನು ಕೊರಿಯನ್ ಹೋಟೆಲಿಗೆ ಕರೆದೊಯ್ಯುವುದು ಬುದ್ಧಿವಂತಿಕೆಯಲ್ಲ. ಆದರೆ ದಾಕ್ಷಾಯಣಿಯ ಬಯಕೆ ಹುಣಸೆಕಾಯಿಯನ್ನು ದಾಟಿ ಕೊರಿಯಾ ತಲುಪಿತ್ತು. ಬಸುರಿಯ ಬಯಕೆಗೆ ಎದುರಾಡುವ ತಾಯಿ ಗೋಕಾಕದಲ್ಲಿ ಇನ್ನೂ ಹುಟ್ಟಿಲ್ಲ.

ಮೀನು, ಮೊಟ್ಟೆ ಬೇಡವೆಂದು ದಾಕ್ಷಾಯಣಿ ಫೋನಿನಲ್ಲೇ ಮೂರು ಸಲ ಹೇಳಿದ್ದಳು. ಕಲ್ಲಿನ ಮಡಕೆಯಲ್ಲಿ ಕೆಂಪಗೆ ಕೊತಕೊತ ಕುದಿಯುತ್ತಲೇ ತೋಫು ಸಾರು ಬಂತು. ಹೊನ್ನವ್ವ ಬಗ್ಗಿ ನೋಡಿದರು.

"ಖಾರ ಐತಿ. ಆದ್ರ ಇದೇನವ್ವಾ, ಮಸರು ಒಡದದ?"

"ಸೋಯಾದ್ದು, ಯವ್ವಾ. ತಿಂದ್ ನೋಡು."

ಸುತ್ತ ಪುಟ್ಟ ಬಟ್ಟಲುಗಳಲ್ಲಿ ಮೊಳಕೆಕಾಳು, ಸೌತೆಕಾಯಿ, ಆಲೂಗಡ್ಡೆ. ತಟ್ಟೆಯಲ್ಲಿ ಬಿಟ್ಟರೆ ಪ್ರಸಾದಕ್ಕೆ ಅಪಚಾರವೆಂದು ಹೊನ್ನವ್ವ ಮೊಳಕೆಕಾಳು ಮುಗಿಸಿದರು. ಬಡಿಸುವ ಫಿಲಿಪ್ಪೀನಿನ ಹುಡುಗಿ ಲೆಸ್ಲಿ ಬಂದು ಮತ್ತೆ ತುಂಬಿದಳು. ಖಾಲಿ ಬಟ್ಟಲು ತುಂಬುವುದು ಅಲ್ಲಿನ ರಿವಾಜು. ತುಂಬಿದ ಬಟ್ಟಲು ಖಾಲಿ ಮಾಡುವುದು ಹೊನ್ನವ್ವನದು. ಮೂರು ಸುತ್ತು ನಡೆದರೂ ಯಾರೂ ಸೋಲಲಿಲ್ಲ.

ಶಿವಪುತ್ರ ಕೈಯೆತ್ತಿದ. "ಸಿಸ್ಟರ್, ಖಲಾಸ್—"

"ಸುಮ್ನಿರ್ರೀ!" ಎಂದರು ಹೊನ್ನವ್ವ. "ಹಾಕ್ಲಿ ಬಿಡ್ರಿ. ಆ ಹುಡುಗಿ ಬೇಕೇನಂತ ಕೇಳಿದ್ಲೇನು? ಕೇಳದs ಹಾಕ್ತಾಳ."

"ಕೇಳಿದ್ರ ತಪ್ಪೇನ್ ಯವ್ವಾ?"

"ಕೇಳಿದ್ರ ಯಾರರ ಬೇಕಂತಾರೇನ? ಹನ್ನೆರಡು ದಿನ ಆತು, ನಿನ್ನ ಮನ್ಯಾಗ ನಾ ಎರಡನೇ ರೊಟ್ಟಿ ಕಂಡಿಲ್ಲ. ಟೇಬಲ್ ಮ್ಯಾಲ ಇಟ್ಟು ಬೇಕಾದಷ್ಟು ಹಾಕ್ಕೋ ಅಂತೀರಿ. ನಾ ಏನ್ ಖಾನಾವಳಿಗೆ ಬಂದೀನಿ?"

ದಾಕ್ಷಾಯಣಿಯ ಚಮಚ ಮಡಕೆಯಲ್ಲೇ ನಿಂತಿತು. 'ನಿಮ್ಮ ಮನೀನ ಅಂತ ತಿಳ್ಕೊಂಡು ಹಾಕ್ಕೊಳ್ರಿ' ಎಂದು ಮೊದಲ ದಿನ ಹೇಳಿದವನು ತಾನೇ ಎಂಬುದು ಶಿವಪುತ್ರನಿಗೆ ನೆನಪಾಯಿತು. ಒಳ್ಳೆಯ ಮಾತೆಂದೇ ಆಡಿದ್ದ.

ಅವನು ಸದ್ದಿಲ್ಲದೆ ತನ್ನ ಮಡಕೆಯಿಂದ ಇನ್ನೂ ಬಾಯಿಗಿಡದ ದೊಡ್ಡ ತೋಫು ತುಂಡನ್ನೆತ್ತಿ ಅತ್ತೆಯ ಅನ್ನದತ್ತ ಒಯ್ದ.

"ಅಯ್ಯ, ಸಾಕ್ರೀ, ಬ್ಯಾಡ್ರೀ!" ಹೊನ್ನವ್ವ ಅಂಗೈ ಅಡ್ಡ ಹಿಡಿದರು. ಬೆರಳುಗಳ ನಡುವೆ ತೋಫು ಇಳಿಯುವಷ್ಟು ಸಂದಿತ್ತು. ಇಳಿಯಿತು. ಹಿಂದೆಯೇ ದಾಕ್ಷಾಯಣಿ ಒಂದು ಸೌಟು ಸಾರು ಸುರಿದಳು.

"ಎಷ್ಟ್ ಹಾಕ್ತೀರವಾ, ಸಾಯ್ತೀನಿ ನಾ" ಎಂದರು ಹೊನ್ನವ್ವ, ಹನ್ನೆರಡು ದಿನದಲ್ಲಿ ಮೊದಲ ಸಲ ನಗುತ್ತ.

"ಮತ್ತ ಶುಕ್ರವಾರದ ಟಿಕೀಟು, ಅತ್ತಿ?"

"ಉಣ್ಣೂ ಹೊತ್ತಿನ್ಯಾಗ ಅದೇನ್ ಮಾತ್ರೀ? ಆ ಹುಡುಗಿಗೆ ಹೇಳ್ರಿ, ಸೌತಿಕಾಯಿ ಇನ್ನೊಂದೀಟು..." ಹೊನ್ನವ್ವ ತಡೆದರು. "ಬ್ಯಾಡ, ಹೇಳಬ್ಯಾಡ್ರಿ. ತಾನs ತರ್ತಾಳ."

ಲೆಸ್ಲಿ ಆಗಲೇ ಬಟ್ಟಲು ಹಿಡಿದು ಬರುತ್ತಿದ್ದಳು.