ಬಾವಿಯ ಮೇಲಿನ ಹುಲ್ಲು

ಹುಕ್ಕೇರಿಯ ಆ ಓಣಿಯಲ್ಲಿ ಹೆಂಗಸರು ಯಾರು ಸತ್ತರೂ ಮೊದಲು ಕರೆ ಹೋಗುವುದು ಹಲೀಮಾಬಿಗೆ. ಆಕೆ ಬಂದು ಪರದೆ ಕಟ್ಟಿಸಬೇಕು, ಬೋರೆ ಎಲೆ ಹಾಕಿ ನೀರು ಕಾಸಬೇಕು, ಕೊನೆಯ ಸ್ನಾನ ಮಾಡಿಸಿ ಕಫನ್ ಉಡಿಸಬೇಕು. ಈ ಕೆಲಸಕ್ಕೆ ಒಂದು ಕಟ್ಟಳೆ. ಪರದೆಯೊಳಗೆ ಕಂಡದ್ದು ಹೊರಗೆ ಬರಬಾರದು. ಸತ್ತವರ ಕುಂದು ಮುಚ್ಚಿದವರ ಕುಂದನ್ನು ಅಲ್ಲಾಹ ಮುಚ್ಚುತ್ತಾನೆ ಎಂದು ಆಕೆಯ ತಾಯಿ ಕಲಿಸಿದ್ದಳು. ಯಾರ ಬೆನ್ನ ಮೇಲೆ ಎಂಥ ಬಾಸುಂಡೆಯಿತ್ತು, ಯಾರ ಹೊಟ್ಟೆ ಎಷ್ಟು ಬೆನ್ನಿಗೆ ಹತ್ತಿತ್ತು, ಓಣಿಯ ಅರ್ಧ ಚರಿತ್ರೆ ಹಲೀಮಾಬಿಯ ಬಾಯೊಳಗೇ ಉಳಿದಿತ್ತು. ಈಗೀಗ ಮೊಣಕಾಲು ಮಡಚಲು ಆಗುತ್ತಿರಲಿಲ್ಲ. ಬೇರೆ ಯಾರಾದರೂ ಕಲಿತುಕೊಳ್ಳಿ ಎಂದರೆ ಎಲ್ಲರಿಗೂ ಅಂಜಿಕೆ.

ಆ ದಿನದ ಮಯ್ಯತ್ ಶಮಶಾದಳದು. ಗಂಡ ಸತ್ತ ಮೇಲೆ ಮೈದುನನ ಮನೆಯಲ್ಲಿದ್ದು ಲತೀಫ ಸೇಠನ ಖಾರದ ಗಿರಣಿಗೆ ಹೋಗುತ್ತಿದ್ದಳು. ಸಂಕೇಶ್ವರದ ಮೆಣಸಿನಕಾಯಿ ಕುಟ್ಟುವ ಮಷೀನಿನ ಮುಂದೆ ನಿಲ್ಲುವುದು ಆಕೆಯ ಕೆಲಸ. ಮುಂಜಾನೆ ಗಿರಣಿ ತೆಗೆದ ಕೂಡಲೇ ಫಿಟ್ಸ್ ಬಂದು ಬಿದ್ದಳಂತೆ. ಗಿರಣಿಯದೇ ಟೆಂಪೋ ಹೆಣವನ್ನು ಸೀದಾ ಮನೆಗೆ ತಂದಿತ್ತು. ಅದರ ಹಿಂದೆಯೇ ಸೇಠ ಕಳಿಸಿದ ಕಫನಿನ ಬಟ್ಟೆ, ಕರ್ಪೂರ, ಅತ್ತರು ಬಂದವು. ಬದುಕಿದ್ದಾಗ ಕೈಗೆ ಒಂದು ಜೊತೆ ರಬ್ಬರ್ ಗ್ಲೋಸು ಕೊಡದವನು ಸಾವಿಗೆ ಯಾವುದೂ ಕಡಿಮೆ ಬೀಳದಂತೆ ನೋಡಿಕೊಂಡಿದ್ದ.

ಶಮಶಾದಳ ನೆಗೆಣ್ಣಿ ಹಸೀನಾ ನೀರು ಹಾಕುತ್ತಿದ್ದಳು. ಹೆಣದ ಬಲಗೈ ಮುಷ್ಟಿ ಕಟ್ಟಿತ್ತು. ಹಲೀಮಾಬಿ ಬೆಚ್ಚನೆಯ ನೀರು ಬಿಟ್ಟು ಒಂದೊಂದೇ ಬೆರಳು ಬಿಡಿಸಿದಳು. ಅಂಗೈ ನಡುವೆ ಚರ್ಮ ಕರಕಲಾಗಿ ಒಳಗೆ ಕುಸಿದಿತ್ತು. ಕಾಲು ತೊಳೆಯುವಾಗ ಹಿಮ್ಮಡಿಯಲ್ಲೂ ಅಂಥದೇ ಸುಟ್ಟ ತೂತು.

ಹಸೀನಾಳ ಕೈಯ ತಂಬಿಗೆ ನಿಂತಿತು.

“ಖಾಲಾ, ಇದು ಕರೆಂಟ ಹೊಡದದ್ದಲ್ಲೇನ್ರಿ?”

“ನೀರ ಹಾಕು.”

“ಫಿಟ್ಸ್ ಅಂದ್ರಲ್ರಿ ಅವರು.”

“ನೀರ ಹಾಕಂದೆ.”

ಹಸೀನಾ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಮುಖ ಎತ್ತದೆ, “ಹೊರಗ ಹೇಳಬ್ಯಾಡ್ರಿ. ನಮ್ಮವರು ಅದ ಗಿರಣಿ ಟೆಂಪೋ ಹೊಡಿತಾರ,” ಅಂದಳು.

ಕಫನ್ ಕಟ್ಟಿ ಮುಗಿಸಿ ಹಲೀಮಾಬಿ ಹಿತ್ತಿಲಿನ ಕಲ್ಲಿನ ಮೇಲೆ ಕೂತಳು. ಮೂಡಲಗಿಯಿಂದ ಶಮಶಾದಳ ತಾಯಿ ಬರಬೇಕಿತ್ತು. ಗೋಕಾಕದಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತದೆ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಜನಾಜಾ ಎತ್ತುವುದೆಂದು ಗಂಡಸರು ಮಾತಾಡಿಕೊಂಡಿದ್ದರು.

ಗಿರಣಿಯ ಹೆಂಗಸರೊಂದಿಗೆ ಬಂದಿದ್ದ ಶೈಲಾ ಚಹಾದ ಲೋಟ ಹಿಡಿದು ಬಂದಳು. ಬೆಲ್ಲದ ಬಾಗೇವಾಡಿಯ ಹುಡುಗಿ. ಲಗ್ನವಾಗಿ ಈ ಊರಿಗೆ ಬಂದವಳು.

“ಕುಡೀರಿ ಆಯಿ.”

“ಈಗ ಬ್ಯಾಡವ್ವ.”

“ಹಂಗಂದ್ರ ಹೆಂಗ್ರಿ. ನಿಮಗ ಏನರ ಆದ್ರ ಜಳಕಾ ಮಾಡಸಾಕ ನಿಮ್ಮನ್ನ ಕರೀಬೇಕಾಕ್ಕೈತಿ.”

ಹಲೀಮಾಬಿಗೆ ನಗು ಬಂತು. ಲೋಟ ಇಸಿದುಕೊಂಡಳು.

“ನಾಳಿಂದ ಅಕಿ ಮಷೀನಿಗೆ ನಾನಂತ್ರಿ,” ಶೈಲಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಂದಳು. “ಸೇಠ ಈಗ ಹೇಳಿ ಕಳಸ್ಯಾರ. ಲಗ್ನದ ಸೀಜನ್, ಖಾರದ ಆರ್ಡರ್ ನಿಂದ್ರಂಗಿಲ್ಲಂತ.”

“ಆ ಮಷೀನ ಬರೋಬ್ಬರಿ ಇಲ್ಲೇನ?”

“ಒಮ್ಮೊಮ್ಮಿ ಕೈ ಜುಮ್ ಅಂತೈತಿ ಅಂತಿದ್ದಳ್ರಿ. ನಾವೆಲ್ಲ ನಕ್ಕೀವಿ. ಈ ವಯಸ್ಸಿನಾಗ ಯಾರ ನೆನಪಾಗಿ ಜುಮ್ ಅಂತೈತಿ ಅಂತ ಚಾಷ್ಟಿ ಮಾಡಿದ್ವಿ.”

“ನೀ ಹೋಗಬ್ಯಾಡ ಶೈಲಾ.”

“ಹೋಗಲಿಲ್ಲಂದ್ರ ಸುಜಾತಾನ್ನ ನಿಂದ್ರಸ್ತಾರ. ಅಕಿನೂ ಒಲ್ಲೆ ಅಂದ್ರ ಮತ್ತೊಬ್ಬಾಕಿ. ಯಾಕ ಹೋಗಬಾರದ್ರಿ?”

ಹಲೀಮಾಬಿ ಲೋಟದೊಳಗೆ ನೋಡಿದಳು. ಕಟ್ಟಳೆ ಬಾಯಿಗೆ ಅಡ್ಡ ಬಂತು. “ಸುಮ್ನ ಅಂದೆ,” ಅಂದಳು.

ಆಮೇಲೆ ಇಸ್ಮಾಯಿಲ್ ಮಾಸ್ತರರು ಹಿತ್ತಿಲ ಬಾಗಿಲಿಗೆ ಬಂದರು. ಉರ್ದು ಸಾಲೆಯಿಂದ ನಿವೃತ್ತರಾದ ಮೇಲೆ ಪ್ರತಿ ಶುಕ್ರವಾರ ತಮ್ಮ ಪಡಸಾಲೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ನಡತೆಯ ಪಾಠ ಹೇಳುತ್ತಿದ್ದರು. ಹಳೆಯ ಫಾರ್ಸಿ ಪದ್ಯ ಓದಿ ಕನ್ನಡದಲ್ಲಿ ಬಿಡಿಸುವುದು, ಅದರ ಜೊತೆಗೆ ಪೈಗಂಬರರ ನಡೆನುಡಿ ಹೇಳುವುದು. ಹಲೀಮಾಬಿ ಹಿಂದಿನ ಸಾಲಿನಲ್ಲಿ ಕೂತು ಅರ್ಧ ತೂಕಡಿಸುತ್ತ, ಅರ್ಧ ಕೇಳುತ್ತ ಇರುತ್ತಿದ್ದಳು.

“ನೀ ಏನ ನೋಡೀದಿ ಅಂತ ನಾ ಕೇಳೂದಿಲ್ಲ ಹಲೀಮಾ,” ಮಾಸ್ತರರು ನೆಲ ನೋಡುತ್ತ ಅಂದರು. “ಪರದೆ ಒಳಗಿಂದು ಒಳಗ ಇರಲಿ ಅಂತ ಹೇಳಿ ಬರ್ರಿ ಅಂದ್ರು ಸೇಠ.”

“ಒಳಗ ಏನೈತಿ ಅಂತ ಸೇಠಗ ಹೆಂಗ ಗೊತ್ತಾತ್ರಿ?”

ಮಾಸ್ತರರು ಟೋಪಿ ತೆಗೆದು ಬೆವರೊರೆಸಿಕೊಂಡರು.

“ಕಬರಸ್ತಾನಕ್ಕ ಕಂಪೌಂಡ ಅವರ ಕಟ್ಟಿಸ್ಯಾರ. ಸಾಲಿ ಮಾಳಿಗಿ ಸೋರತೈತಿ, ಪತ್ರಾಸ ಹಾಕಸ್ತೀನಿ ಅಂದಾರ. ದಿನಮಾನ ಹೆಂಗದಾವ ನಿನಗ ಗೊತ್ತೈತಿ. ನಮ್ಮವರ ಮನಿ ಬಾಗಲಿಗೆ ನಾವ ಪೊಲೀಸರನ್ನ ಕರಕೊಂಡ ಬಂದ್ರ ನೋಡೋರು ಏನಂದಾರು?”

“ಸಾಕ್ಷಿ ಹೇಳೂ ಮುಂದ ನಮ್ಮವರು ಬ್ಯಾರೇದವರು ಅಂತ ನೋಡಬಾರದು ಅಂತ ನೀವ ಹೇಳಿದ್ರಿ.”

“ಹೇಳೀನಿ. ಸತ್ತವರ ಕುಂದ ಮುಚ್ಚಬೇಕಂತನೂ ಹೇಳೀನಿ.”

“ಇದು ಅಕಿ ಕುಂದಲ್ಲಲ್ರಿ.”

“ಅಲ್ಲ.” ಅವರು ಗೋಡೆಗೆ ಒರಗಿದರು. “ನನಗ ತಿಳಿಯೂದಿಲ್ಲಂತ ತಿಳೀಬ್ಯಾಡ. ತಿಳದದ್ದನ್ನೆಲ್ಲ ಮಾಡಾಕ ಹೋದ್ರ ಈ ಊರಾಗ ಬಾಳೇವು ಆಗೂದಿಲ್ಲ. ನಾನೂ ದಣದೀನಿ.”

ಮಾಸ್ತರರು ಹೋದರು. ಆಕೆಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಕಸುವು ಬೇಕು. ಒಳ್ಳೆಯ ಮಾತನ್ನು ಬಡವರಿಗೆ ಬಾಯಿಪಾಠ ಮಾಡಿಸುತ್ತಾರೆ. ಉಳ್ಳವರ ಅಂಗಳಕ್ಕೆ ಬಂದಾಗ ಅದೇ ಮಾತಿಗೆ ಮೆಟ್ಟು ಬಿಚ್ಚಿ ಹೊರಗೆ ನಿಲ್ಲು ಅನ್ನುತ್ತಾರೆ. ಇದು ಆಕೆ ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಮಾಸ್ತರರೇ ಓದಿದ ಒಂದು ಪದ್ಯ ತಲೆಯೊಳಗಿಂದ ಹೋಗಲೊಲ್ಲದು. ಒಬ್ಬ ತೋಟಗಾರ ತನ್ನ ಪಾಳುಬಾವಿ ಯಾರ ಕಣ್ಣಿಗೂ ಬೀಳದಿರಲೆಂದು ಮೇಲೆ ಹುಲ್ಲು ಹಾಸಿದನಂತೆ. ದಾರಿಹೋಕ ಬಿದ್ದು ಸತ್ತ. ಕಾಜಿ ತೋಟಗಾರನಿಗೆ ಹೇಳಿದನಂತೆ: ಬತ್ತಲೆಗೆ ಬಟ್ಟೆ ಮುಚ್ಚು, ಬಾವಿಗೆ ಹುಲ್ಲು ಮುಚ್ಚಬೇಡ.

ಶಮಶಾದಳ ತಾಯಿ ಬಿಯಾಮಾ ಬಂದಳು. ಅಳಲಿಲ್ಲ. ಬಂದವಳೇ ಸಿಕ್ಕವರನ್ನೆಲ್ಲ ಒಂದೇ ಮಾತು ಕೇಳಿದಳು.

“ನನ್ನ ಮಗಳಿಗೆ ಫಿಟ್ಸ್ ಯಾವಾಗಿತ್ತ? ಹಡದಾಕಿಗೆ ಗೊತ್ತಿಲ್ಲದ್ದು ಗಿರಣ್ಯಾವರಿಗೆ ಹೆಂಗ ಗೊತ್ತಾತು?”

ಯಾರೋ ಹಣೆಬರಹ ಅಂದರು. ಯಾರೋ ಸಬರ್ ಮಾಡು, ತಾಳಿಕೋ ಅಂದರು. ಕೊನೆಯ ಬಾರಿ ಮುಖ ನೋಡಲು ಹೆಂಗಸರು ಸುತ್ತ ಕೂಡಿದಾಗ ಬಿಯಾಮಾ ಹಲೀಮಾಬಿಯ ಸೆರಗು ಹಿಡಿದಳು.

“ನೀ ಮುಟ್ಟೀದಿ ಅಕ್ಕಾ. ನೀ ಹೇಳು.”

ಹಸೀನಾ ಎದುರಿನಿಂದ ತಲೆ ಅಲ್ಲಾಡಿಸಿದಳು, ಬೇಡ ಎಂದು. ಆಕೆಯ ಹಿಂದೆ ಶೈಲಾ ನಿಂತಿದ್ದಳು, ಕಂಕುಳಲ್ಲಿ ಊಟದ ಡಬ್ಬಿಯ ಚೀಲ, ಇನ್ನೂ ಏನೂ ಆಗದ ಮುಖ.

ಗಂಡಸರು ಜನಾಜಾ ಹೆಗಲಿಗೇರಿಸಿ ಹೊಸ್ತಿಲ ಬಳಿ ಬಂದರು. ಹಲೀಮಾಬಿ ಗೋಡೆ ಹಿಡಿದು ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಖಾಲಾ, ಏಳ್ರಿ. ಹೊತ್ತಾಕ್ಕೈತಿ,” ಅಂದ ಒಬ್ಬ.

“ಫಿಟ್ಸ್ ಅಲ್ಲ,” ಅಂದಳು. ದನಿ ದೊಡ್ಡದು ಮಾಡಲಿಲ್ಲ. “ಅಂಗೈ ಸುಟ್ಟೈತಿ. ಹಿಮ್ಮಡ ಸುಟ್ಟೈತಿ. ಕರೆಂಟ ಹೊಡದ ಸತ್ತಾಳ. ನಾಳಿ ಅದ ಮಷೀನಿಗೆ ಮತ್ತೊಬ್ಬಾಕಿನ್ನ ನಿಂದ್ರಸಾಕತ್ತಾರ. ಸರಕಾರಿ ದವಾಖಾನ್ಯಾವರು ನೋಡೂತನ ಮಣ್ಣಿಗೆ ಒಯ್ಯಬ್ಯಾಡ್ರಿ.”

ಬಿಳಿ ಬಟ್ಟೆಯ ಲತೀಫ ಸೇಠ ಮುಂದೆ ಬಂದ.

“ವಯಸ್ಸಾಗೈತಿ, ಕಣ್ಣ ಕಾಣಂಗಿಲ್ಲ ಅಕಿಗೆ. ಬಾಜೂಕ ಸರಸ್ರಿ.”

“ಪರದೆ ಒಳಗಿನ ಗುಟ್ಟು ಕಾಯೂ ಅಮಾನತ್ ಮುರದಿ ನೀನು,” ಸೇಠನ ಬಳಿಯಿದ್ದವನೊಬ್ಬ ಅಂದ.

“ಮುರದೆ. ಅದರ ಜವಾಬ ನಾ ಮ್ಯಾಲ ಹೋಗಿ ಕೊಡತೀನಿ. ನೀವು ನಿಮ್ಮದ ಕೊಡ್ರಿ.”

ಇಬ್ಬರು ಆಕೆಯ ರಟ್ಟೆ ಹಿಡಿಯಲು ಬಗ್ಗಿದರು. ಆಗ ಹಿಂದಿನಿಂದ ಇಸ್ಮಾಯಿಲ್ ಮಾಸ್ತರರು, ಸಾಲೆಯಲ್ಲಿ ಹಾಜರಿ ಕರೆಯುವಂಥ ಬಿಗಿಯಿಲ್ಲದ ದನಿಯಲ್ಲಿ, “ಜನಾಜಾ ಕೆಳಗ ಇಡ್ರಿ,” ಅಂದರು. ಹೊತ್ತವರಲ್ಲಿ ಹೆಚ್ಚಿನವರು ಅವರ ಕೈಯಲ್ಲಿ ಅಕ್ಷರ ಕಲಿತವರು. ಇಟ್ಟರು.

ಪೊಲೀಸರು ಬಂದರು. ಶಮಶಾದ ಸರಕಾರಿ ದವಾಖಾನೆಗೆ ಹೋಗಿ ಮರುದಿನ ಹೊಲಿಗೆ ಹಾಕಿಸಿಕೊಂಡು ಬಂದಳು. ಎರಡನೇ ಸ್ನಾನಕ್ಕೆ ಹಲೀಮಾಬಿಯನ್ನು ಕರೆಯಲಿಲ್ಲ; ಸಂಕೇಶ್ವರದಿಂದ ಬೇರೊಬ್ಬಳನ್ನು ಕರೆಸಿದರು. ಹಲೀಮಾಬಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಜನಾಜಾ ಹೋಗುವುದನ್ನು ನೋಡಿದಳು. ಈ ಕೆಲಸ ಸಾಕೆಂದು ಎಷ್ಟೋ ವರ್ಷದಿಂದ ಅನ್ನುತ್ತಿದ್ದವಳಿಗೆ ಅದು ಕೈಬಿಟ್ಟು ಹೋದಾಗ ಎದೆಯಲ್ಲಿ ಏನೋ ಕಿತ್ತಂತಾಯಿತು. ಗಿರಣಿಗೆ ಬೀಗ ಬಿತ್ತು. ಹಸೀನಾಳ ಗಂಡನ ಟೆಂಪೋ ನಿಂತಿತು. ಸಾಲೆಯ ಪತ್ರಾಸಿನ ಮಾತನ್ನು ಯಾರೂ ಎತ್ತಲಿಲ್ಲ. ಓಣಿಯ ಹೆಂಗಸರು ಹಲೀಮಾಬಿಯನ್ನು ಕಂಡರೆ ಸೆರಗು ಸರಿಮಾಡಿಕೊಂಡು ಬೇಗ ಬೇಗ ನಡೆದರು, ತಮ್ಮ ಮೈಯಲ್ಲಿರುವುದನ್ನೆಲ್ಲ ಆಕೆ ಈಗಲೇ ಓದಿಬಿಡುತ್ತಾಳೇನೋ ಎಂಬಂತೆ.

ವಾರದ ಸಂತೆಯ ದಿನ ಶೈಲಾ ಖಾಲಿ ಚೀಲ ಹಿಡಿದು ಬಂದು ಕಟ್ಟೆಯ ಮುಂದೆ ನಿಂತಳು.

“ಚೊಲೋ ಮಾಡಿದ್ರಿ ಆಯಿ. ಗಿರಣಿ ಬಂದ್ ಆತು. ಹದಿನಾಲ್ಕ ಮಂದಿ ಹೆಂಗಸರ ಕೈಗೆ ಕೆಲಸಿಲ್ಲ. ಸಂತಿಗೆ ಹೋಗಿ ಬರೇ ವಾಸನಿ ತಗೊಂಡ ಬಂದೆ. ಪಲ್ಲೆ ಏನ ಮಾಡ್ಲಿ ಹೇಳ್ರಿ? ನಿಮ್ಮ ನ್ಯಾಯಾನ ಕುಕ್ಕರಿನ್ಯಾಗ ಹಾಕ್ಲ್ಯಾ?”

ಹಲೀಮಾಬಿ ಸರಿದು ಜಾಗ ಮಾಡಿದಳು. ಶೈಲಾ ಕೂರಲಿಲ್ಲ. ನಿಂತೇ ಬೈದಳು. ಅತ್ತೆಯ ಮಾತು, ಗಂಡನ ಮಾತು, ಗೋಕಾಕಕ್ಕೆ ಕೆಲಸ ಹುಡುಕಿಕೊಂಡು ಹೋದರೆ ಬಸ್ಸಿನಲ್ಲೇ ಅರ್ಧ ದಿನ ಹೋಗುವ ಮಾತು, ಎಲ್ಲ ಸೇರಿಸಿ ಬೈದಳು. ದಮ್ಮು ಹತ್ತಿ ನಿಲ್ಲಿಸಿದಳು.

“ಏನರ ಅನ್ರಿ ಮತ್ತ.”

“ಬೈಯವ್ವ, ಇನ್ನೂ ಬೈ,” ಹಲೀಮಾಬಿ ಅಂದಳು. “ಬೈಯಾಕ ನೀ ಇದ್ದೀಯಲ್ಲ.”