ಗುಲಾಬಿ ಅಂಗಿಯ ಒಬ್ಬಳೇ ಹೆಂಗಸು

"ಕಳ್ಳಮುಂಡೆ, ಒಂದೇ ಹೊತ್ನಲ್ಲಿ ಮೂರ್ ಬೀದೀಲಿ ಏನೇ ಮಾಡ್ತಿದ್ದೆ?"

ಕಾವಲು ಕಂಪನಿಯ ಸಾಹೇಬ ಕೋಬಸ್ ಕ್ಯಾಮೆರಾ ಪರದೆಗೆ ಬೆರಳು ಕುಟ್ಟಿದ. ಮೇಲಿನ ಬೀದಿಯಲ್ಲಿ ನಾಯಿ ಹಿಡಿದು ನಡೆಯುತ್ತಿದ್ದವಳು ನಾನು. ಕೆಳಗಿನ ಬೀದಿಯಲ್ಲಿ ಮಗು ಎತ್ತಿಕೊಂಡವಳು ಟ್ಶಿಲಿಡ್ಜಿ. ನಡುಬೀದಿಯಲ್ಲಿ ಬ್ರೆಡ್ಡು ತರುತ್ತಿದ್ದವಳು ಮುದುಕಿ ನೊಕ್ವಾಂಡಾ. ಜೊಹಾನೆಸ್‌ಬರ್ಗಿನ ಈ ಬಡಾವಣೆಯ ಮೇಡಮ್ಮುಗಳು ಕೆಲಸದವರಿಗೆಲ್ಲ ಒಂದೇ ಅಂಗಡಿಯ ಗುಲಾಬಿ ಅಂಗಿ, ಗುಲಾಬಿ ತಲೆಬಟ್ಟೆ ತರುತ್ತಾರೆ. ಒಂದು ಕ್ಯಾಮೆರಾದಲ್ಲಿ ಕಂಡವರನ್ನು ಇನ್ನೊಂದರಲ್ಲೂ ಗುರುತು ಹಿಡಿಯುವ ಯಂತ್ರವೊಂದು ಹೊಸದಾಗಿ ಬಂದಿತ್ತು. ಲಕ್ಷಾಂತರ ಚಿತ್ರ ನೋಡಿ ತಾನೇ ಕಲಿತದ್ದಂತೆ. ಅದು ನಮ್ಮನ್ನೆಲ್ಲ ಸೇರಿಸಿ ಒಬ್ಬಳನ್ನು ಮಾಡಿತ್ತು. ಆ ಒಬ್ಬಳು ಹಗಲೆಲ್ಲ ಬೀದಿ ಅಲೆಯುವ ಅನುಮಾನದ ಹೆಂಗಸು.

"ಬಾಸ್, ಕಣ್ ಬಿಟ್ ನೋಡಿ. ಮೂರ್ ಜನ ನಿಂತಿದೀವಿ" ಎಂದೆ.

"ಮಿಷಿನ್ನು ಒಬ್ಳೇ ಅಂತದೆ."

"ಹಂಗಾರೆ ಇವ್ಳ ಗಂಡ ನಂಗೂ ಗಂಡನಾ? ಥೂ, ಆ ಕುಡುಕ ನಂಗ್ ಬ್ಯಾಡಪ್ಪ!" ಎಂದಳು ಟ್ಶಿಲಿಡ್ಜಿ, ನನ್ನತ್ತ ಬೆರಳು ತೋರಿಸಿ.

ಕೋಬಸ್ ನಗಲಿಲ್ಲ. ಯಂತ್ರದ ತಲೆ ಕೆಡಬಾರದೆಂದು ಮರುದಿನವೇ ಹೊಸ ಕಟ್ಟಳೆ ತಂದ: ಗುಲಾಬಿ ಅಂಗಿಯವರು ಒಬ್ಬೊಬ್ಬರಾಗಿಯೇ ಬೀದಿಗೆ ಇಳಿಯಬೇಕು. ಒಳಗಿದ್ದವಳು ಹೊರಬರುವತನಕ ಮಿಕ್ಕವರು ಬಡಾವಣೆಯ ಗೇಟಿನ ಹೊರಗೆ.

ನಾವು ಬಿಸಿಲಲ್ಲಿ ಕೂತೆವು. ಒಳಗೆ ಮಕ್ಕಳು ಕಿರುಚುತ್ತಿದ್ದವು. ಮೇಡಮ್ಮೊಬ್ಬಳು ರಾತ್ರಿಯಂಗಿಯಲ್ಲೇ ಗೇಟಿಗೆ ಬಂದು, "ನಮ್ಮನೆಯವಳನ್ನು ಮೊದಲು ಬಿಡಿ" ಎಂದು ಕೂಗಾಡಿದಳು. "ಯಾರಮ್ಮ ನಿಮ್ಮನೆಯವಳು?" ಎಂದು ಕಾವಲುಗಾರ ಕೇಳಿದರೆ, ಸಾಲಿನಲ್ಲಿ ನಮ್ಮ ಮುಖಗಳನ್ನು ನೋಡಿ ನೋಡಿ ಬಂದ ದಾರಿಯಲ್ಲೇ ಹಿಂದಿರುಗಿದಳು.

ಮಧ್ಯಾಹ್ನದ ಹೊತ್ತಿಗೆ ನೊಕ್ವಾಂಡಾ ಗೇಟು ಹಿಡಿದು ನಿಂತಳು. ಅವಳಿಗೆ ಸಕ್ಕರೆ ಕಾಯಿಲೆ.

"ಬಿಡ್ಲಾ ಮಗ, ಉಚ್ಚೆ ತಡೆಯಾಕಾಗಕಿಲ್ಲ."

ಗೇಟಿನ ಕಾವಲುಗಾರ ಮಶುಡು ತಲೆ ತಗ್ಗಿಸಿದ. "ನೀನಾಗ್ಲೇ ಒಳಗ್ ಹೋಗಿದೀಯ ಅವ್ವಾ. ಮಿಷಿನ್ನಲ್ಲಿ ಕಾಣ್ತಾ ಐತೆ."

"ಒಳಗ್ ಹೋದೋಳು ನನ್ ಉಚ್ಚೇನೂ ಹುಯ್ಕೊಂಡ್ ಬತ್ತಾಳೇನ್ಲಾ, ಮುಂಡೇಮಗ್ನೆ?"

ಮಶುಡು ಅಲುಗಲಿಲ್ಲ. ನೊಕ್ವಾಂಡಾಳ ಕಾಲುಗಳ ಸಂದಿನಿಂದ ನೀರು ಹರಿದು ಅವಳ ಬೂಟು ತುಂಬಿತು. ಅವಳು ನಿಧಾನವಾಗಿ ತಲೆಬಟ್ಟೆ ಬಿಚ್ಚಿದಳು. ಆಮೇಲೆ ಒದ್ದೆ ಅಂಗಿ. ಆಮೇಲೆ ಮಿಕ್ಕದ್ದೆಲ್ಲ.

ತಾಯಂಥವಳ ಬೆತ್ತಲೆ ಕಂಡರೆ ಶಾಪವೆಂದು ಮಶುಡು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ. ಅವಳೇ ಗೇಟು ತಳ್ಳಿ ಬೀದಿಯ ನಟ್ಟನಡುವೆ ನಡೆದಳು. ಜೋತ ಮೊಲೆ, ಹೆರಿಗೆಯ ಬರೆಗಳ ಹೊಟ್ಟೆ, ಬೂಟು ಮಾತ್ರ ಕಾಲಲ್ಲಿ. ಕೋಬಸ್ ಕೋಟು ಹಿಡಿದು ಓಡಿ ಬಂದ.

"ಮುಚ್ಕೊಳ್ಳೇ! ಮುಚ್ಕೊಳ್ಳೇ!"

ನೊಕ್ವಾಂಡಾ ಕಂಬದ ಕ್ಯಾಮೆರಾದತ್ತ ಮುಖವೆತ್ತಿ ನಿಂತಳು. ನನ್ನ ಪಕ್ಕದಲ್ಲಿ ಟ್ಶಿಲಿಡ್ಜಿ ಆಗಲೇ ಗುಂಡಿ ಕಳಚುತ್ತಿದ್ದಳು. ನಾನೂ ನನ್ನ ಅಂಗಿಯ ಗುಂಡಿಗೆ ಕೈ ಹಾಕಿದೆ.